ಮಾಸ್ತರಿಗೆ ಎಷ್ಟು ಸ್ಟಾರ್ ಕೊಡ್ತೀರಿ?

[ಪರದೆ: ಧಾರವಾಡದ ಸಪ್ತಾಪುರ, ಸಾಲುಸಾಲು ಕೋಚಿಂಗ್ ಬೋರ್ಡ್‌ಗಳು. ಆಮೇಲೆ ಮೊಬೈಲಿನ ಮ್ಯಾಪ್.]

ನಮಸ್ಕಾರ್ರಿ ಎಲ್ಲಾರಿಗೂ. ಸಪ್ತಾಪುರದಾಗ ನಿಂತು ಮೊಬೈಲ್‌ನಾಗ ಮ್ಯಾಪ್ ತಗದ್ರ ಒಂದೊಂದು ಕೋಚಿಂಗ್ ಸೆಂಟರ್ ಹೆಸರಿನ ಕೆಳಗೂ ಸ್ಟಾರ್ ಕಾಣ್ತಾವ. "ಸರ್ ಭಾಳ ಚಲೋ ಕಲಿಸ್ತಾರ" ಅಂತ ಒಬ್ಬಂವ ಬರದಿರ್ತಾನ, "ಫೀ ವಾಪಸ್ ಕೇಳಿದ್ರ ಫೋನ್ ಎತ್ತಂಗಿಲ್ಲ" ಅಂತ ಇನ್ನೊಬ್ಬಂವ. ಇರಲಿ, ರೊಕ್ಕ ಕೊಟ್ಟಂವ ನಾಲ್ಕು ಮಾತು ಆಡಾಂವನ. ಇವತ್ತು ಅದರ ಮುಂದಿನ ಮಾತು ಐತಿ. ಸಾಲಿ ಹುಡುಗ್ರು ತಮ್ಮ ಹೆಸರು ಹೇಳದ, ಮಾಸ್ತರ ಹೆಸರು ಮಾತ್ರ ಹಾಕಿ, ಅವರಿಗೆ ಮಾರ್ಕ್ಸ್ ಕೊಡೋ ವೆಬ್‌ಸೈಟ್‌ಗಳು. ಚಲೋನೋ ಕೆಟ್ಟೋ? ಕೋರ್ಟ್ ಏನಂತಾವ? ಆ ಮಾರ್ಕ್ಸ್ ಖರೇನ ಏನರ ಹೇಳ್ತಾವೋ ಇಲ್ಲೋ?

[ಪರದೆ: 1999, 2001]

ಇದು ಶುರುವಾಗಿದ್ದು ಅಮೆರಿಕಾದಾಗ. 1999ರಾಗ ಕ್ಯಾಲಿಫೋರ್ನಿಯಾದ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರು ಕಾಲೇಜ್ ಪ್ರೊಫೆಸರ್‌ಗಳಿಗೆ ಅಂಕ ಕೊಡೋ ಸೈಟ್ ಮಾಡಿದ್ರು. 2001ರಾಗ ಅದಕ್ಕ 'ರೇಟ್ ಮೈ ಪ್ರೊಫೆಸರ್ಸ್' ಅಂತ ಹೆಸರಾತು. ಅದ ವರ್ಷ ಸಾಲಿ ಶಿಕ್ಷಕರ ಸಲುವಾಗಿ 'ರೇಟ್ ಮೈ ಟೀಚರ್ಸ್' ಬಂತು. ಪ್ರೊಫೆಸರ್‌ಗಳ ಸೈಟ್‌ನಾಗ ಒಂದು ಕೆಂಪು ಮೆಣಸಿನಕಾಯಿ ಚಿತ್ರ ಇತ್ರಿ. ಪಾಠ ಹೆಂಗ ಮಾಡ್ತಾರ ಅನ್ನೋದಕ್ಕಲ್ಲ, ನೋಡಾಕ ಹೆಂಗದಾರ ಅನ್ನೋದಕ್ಕ! ಬ್ಯಾಡಗಿ ಮೆಣಸಿನಕಾಯಿ ಊರಿನ ಕಡೆಯವರು ನಾವು, ನಮ್ಮ ಮೆಣಸಿನಕಾಯಿಗೆ ಇಂಥಾ ಕೆಲಸ ಹಚ್ಚಿದ್ದು ನೋಡಿ ನನಗ ಸಿಟ್ಟ ಬಂತು. ಮಹಿಳಾ ಪ್ರಾಧ್ಯಾಪಕರು ಕೂಗಾಡಿದ ಮ್ಯಾಲ 2018ರಾಗ ಅದನ್ನ ತಗದ್ರು. ಅಂದ್ರ ಹತ್ತಿರ ಹತ್ತಿರ ಎರಡು ದಶಕ ನಡೀತು.

ಕೋರ್ಟಿನ ಕಥಿ ಯುರೋಪಿನಾಗ ಭಾಳ ರಂಗೇರೈತಿ. ಸ್ವಲ್ಪ ನಿಂತು ನೋಡೋಣ.

[ಪರದೆ: ಜರ್ಮನಿಯ ನಕ್ಷೆ. 1 ಅಂದ್ರ ಉತ್ತಮ, 6 ಅಂದ್ರ ಫೇಲ್.]

2007ರಾಗ ಜರ್ಮನಿಯ ಕಲೋನ್ ಊರಾಗ ಕಾಲೇಜ್ ಹುಡುಗ್ರು 'ಸ್ಪಿಕ್‌ಮಿಶ್' ಅನ್ನೋ ಸೈಟ್ ತಗದ್ರು. ಅಲ್ಲಿ ಸಾಲಿಯೊಳಗ 1 ಬಂದ್ರ ಫಸ್ಟ್ ಕ್ಲಾಸ್, 6 ಬಂದ್ರ ನಪಾಸ್. ಅದ ಲೆಕ್ಕದಾಗ ಹುಡುಗ್ರು ಟೀಚರ್‌ಗೆ ಅಂಕ ಕೊಡಬೇಕು. ಪಾಠ ಚಲೋ ಐತೇನು, ತಯಾರಿ ಮಾಡ್ಕೊಂಡು ಬರ್ತಾರೇನು, ಮಾರ್ಕ್ಸ್ ಕೊಡೋದ್ರಾಗ ನ್ಯಾಯ ಐತೇನು, ಇವೆಲ್ಲಾ ಸರಿ. ಅವುಗಳ ಜೋಡಿ "ಮಸ್ತ್ ಅದಾರೇನು, ನಗಸ್ತಾರೇನು" ಅನ್ನೋದೂ ಒಂದು ಕಾಲಂ.

ಜರ್ಮನ್ ಭಾಷಾ ಮತ್ತ ಧರ್ಮಪಾಠ ಹೇಳೋ ಒಬ್ಬ ಶಿಕ್ಷಕಿಗೆ ಅದರಾಗ 4.3 ಬಂತು. ಎಷ್ಟು ಮಂದಿ ಕೊಟ್ಟಿದ್ದು? ನಾಲ್ಕು ಮಂದಿ. ಬರೇ ನಾಲ್ಕು. ಆಕಿ ಕೋರ್ಟ್ ಮೆಟ್ಟಿಲು ಹತ್ತಿದ್ರು. ಕೆಳಗಿನ ಕೋರ್ಟ್‌ನಾಗ ಸೋತ್ರು, ಮ್ಯಾಲಿನ ಕೋರ್ಟ್‌ನಾಗೂ ಸೋತ್ರು. ಕಡೀಗೆ 2009ರ ಜೂನ್ 23ಕ್ಕ ಜರ್ಮನಿಯ ಫೆಡರಲ್ ನ್ಯಾಯಾಲಯ ತೀರ್ಪು ಕೊಡ್ತು: ಸೈಟ್ ನಡೀಬಹುದು. ಯಾಕಂದ್ರ, ಹುಡುಗ್ರು ಬರದಿದ್ದು ಆಕಿಯ ಕೆಲಸದ ಬಗ್ಗೆ, ಮನಿ ವಿಷಯ ಅಲ್ಲ. ಅದು ಅಭಿಪ್ರಾಯ, ಬೈಗುಳ ಅಲ್ಲ. ಇನ್ನೊಂದು ಮಾತೂ ಕೋರ್ಟ್ ನೋಡ್ತು: ಅಂಕ ನೋಡಾಕ ಸೈಟ್‌ನಾಗ ಹೆಸರು ನೋಂದಾಯಿಸಬೇಕಿತ್ತು, ಹೊರಗಿನ ಸರ್ಚ್‌ನಾಗ ಟೀಚರ್ ಹೆಸರು ಹೊಡದ್ರ ಆ ಅಂಕ ಬರ್ತಿದ್ದಿಲ್ಲ.

ಈ ಕಡೀ ಮಾತು ಗಟ್ಟಿಯಾಗಿ ಹಿಡ್ಕೊಳ್ರಿ. ನಮ್ಮ ಕಡೆ ಒಬ್ಬ ಮಾಸ್ತರ ಹೆಸರು, ಸಾಲಿ ಹೆಸರು ಕೂಡಿಸಿ ಸರ್ಚ್ ಮಾಡಿದ್ರ ಮೊದಲು ಬರೋದು ಹುಡುಗರು ಎಂದೋ ಬರದ ಕಾಮೆಂಟ್ ಆದ್ರ? ಆ ತೀರ್ಪಿನ ಒಂದು ಕಾಲು ಅಲ್ಲೇ ಮುರಿತೈತಿ.

ಫ್ರಾನ್ಸಿನಾಗ ಪೂರ್ತಿ ಉಲ್ಟಾ. 2008ರ ಜನವರಿ ಕಡೀಗೆ ಇಂಥಾದ ಒಂದು ಸೈಟ್ ಶುರುವಾತು. ಶಿಕ್ಷಕರ ಸಂಘದವರು ಕೋರ್ಟಿಗೆ ಹೋದ್ರು, ಮಾರ್ಚ್ 3ಕ್ಕ ಪ್ಯಾರಿಸ್ ಕೋರ್ಟ್ "ಶಿಕ್ಷಕರ ಹೆಸರು ತಗೀರಿ" ಅಂತು. ತಿಂಗಳೊಪ್ಪತ್ತಿನ ಆಟ. ಒಂದ ಥರದ ಸೈಟ್, ಬಾಜೂ ಬಾಜೂ ದೇಶ, ಎರಡು ತೀರ್ಪು. ಆಸ್ಟ್ರಿಯಾದಾಗ 2019ರಾಗ ಹದಿನೇಳು ವರ್ಷದ ಹುಡುಗ ಒಬ್ಬ ಇಂಥಾ ಆ್ಯಪ್ ಬಿಟ್ಟಿದ್ದ. ಅವಗ ಬಂದ ಬೈಗುಳ, ಧಮಕಿ ತಡಕೊಳ್ಳಾಕ ಆಗದ ಕೆಲವೇ ದಿನದಾಗ ಅದನ್ನ ತಾತ್ಪೂರ್ತಿಕ ಬಂದ್ ಮಾಡಬೇಕಾತು. ಅಂಕ ಕೊಡೋ ಆ್ಯಪ್ ಮಾಡಿದಂವಗ ಮಂದಿ ಅಂಕ ಕೊಟ್ರು ನೋಡ್ರಿ.

[ಪರದೆ: ಎರಡು ಹೆಸರು, ಒಬ್ಬರೇ ಟೀಚರ್]

ಕೋರ್ಟ್ ಬಾಜೂಕಿಡೋಣ. ಆ ಸ್ಟಾರ್‌ಗಳು ಪಾಠವನ್ನ ಅಳೀತಾವೇನು?

ಅಮೆರಿಕಾದ ನಾರ್ತ್ ಕೆರೊಲಿನಾದಾಗ ಒಂದು ಪ್ರಯೋಗ ಆತು, 2015ರಾಗ ಪ್ರಕಟಾತು. ಆನ್‌ಲೈನ್ ಕೋರ್ಸ್, ಹುಡುಗ್ರು ಕಲಿಸೋರ ಮುಖ ನೋಡಂಗಿಲ್ಲ. ಕಲಿಸೋರು ಇಬ್ಬರು: ಒಬ್ಬರು ಗಂಡಸು, ಒಬ್ಬರು ಹೆಂಗಸು. ಇಬ್ಬರೂ ಎರಡೆರಡು ಗುಂಪು ತಗೊಂಡ್ರು. ಒಂದು ಗುಂಪಿಗೆ ತಮ್ಮ ಖರೆ ಹೆಸರಲೆ, ಇನ್ನೊಂದಕ್ಕ ಆ ಇನ್ನೊಬ್ಬರ ಹೆಸರಲೆ ಪಾಠ ಹೇಳಿದ್ರು. ಹೋಂವರ್ಕ್ ತಿದ್ದಿ ವಾಪಸ್ ಕೊಟ್ಟಿದ್ದು ಎಲ್ಲಾರಿಗೂ ಒಂದ ಹೊತ್ತಿಗೆ. ಆದ್ರೂ "ಟೈಮಿಗೆ ಸರಿ ತಿದ್ದಿ ಕೊಡ್ತಾರೇನು" ಅನ್ನೋ ಪ್ರಶ್ನೆಗೆ ಗಂಡಸಿನ ಹೆಸರಿಗೆ 5ಕ್ಕ 4.35 ಬಂತು, ಹೆಂಗಸಿನ ಹೆಸರಿಗೆ 3.55. ಗಡಿಯಾರ ಒಂದ, ದಿನ ಒಂದ, ಅಂಕ ಬ್ಯಾರೆ. ಸಣ್ಣ ಪ್ರಯೋಗ ಖರೆ, 43 ಹುಡುಗ್ರು ಅಷ್ಟ. ಆದ್ರ ನಮ್ಮ ಸಾಲಿಗಳಾಗ ಜೋರು ಮಾಡೋ ಗಂಡು ಮಾಸ್ತರಿಗೆ "ಸ್ಟ್ರಿಕ್ಟ್ ಸರ್" ಅಂತಾರ, ಅಷ್ಟ ಜೋರು ಮಾಡಿದ ಅಕ್ಕೋರಿಗೆ ಏನಂತಾರ ಅನ್ನೋದು ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ.

ಇನ್ನೊಂದು ದೊಡ್ಡದು. ಅಮೆರಿಕಾದ ವಾಯುಪಡೆ ಅಕಾಡೆಮಿ. ಅಲ್ಲಿ ಯಾವ ಹುಡುಗ ಯಾವ ಮಾಸ್ತರ ಕೈಯಾಗ ಬೀಳ್ತಾನ ಅನ್ನೋದು ಚೀಟಿ ಎತ್ತಿದಂಗ, ಪರೀಕ್ಷೆ ಎಲ್ಲಾರಿಗೂ ಒಂದ. ಹತ್ತು ಸಾವಿರಕ್ಕೂ ಮಿಕ್ಕಿ ಹುಡುಗರ ಲೆಕ್ಕ ತಗದು 2010ರಾಗ ಇಬ್ಬರು ಅರ್ಥಶಾಸ್ತ್ರಜ್ಞರು ಬರದ್ರು: ಮೊದಲ ಗಣಿತ ಕೋರ್ಸ್‌ನಾಗ ಹುಡುಗ್ರಿಂದ ಹೆಚ್ಚು ಅಂಕ ತಗೊಂಡ ಪ್ರೊಫೆಸರ್‌ಗಳ ಶಿಷ್ಯರು, ಮುಂದಿನ ಕೋರ್ಸ್‌ಗೆ ಹೋದ ಮ್ಯಾಲ ಹಿಂದ ಬಿದ್ರು. ಪರೀಕ್ಷೆಗೆ ಬೇಕಾದಷ್ಟ ಕಲಿಸಿದವರು ಆ ವರ್ಷ ದೇವರಂಗ ಕಂಡ್ರು. ಬುಡ ಗಟ್ಟಿ ಮಾಡಿದವರು ಆಗ ತ್ರಾಸು ಅನಿಸಿದ್ರು.

ಖಾನಾವಳಿಗೆ ಸ್ಟಾರ್ ಕೊಡೋದು ಸರಳ, ರೊಟ್ಟಿ ಹೆಂಗಿತ್ತು ಅಂತ ಕೈ ತೊಳ್ಯೋದರಾಗ ಗೊತ್ತಾಗ್ತೈತಿ. ಎಂಟನೇತ್ತಾದ ಬೀಜಗಣಿತ ಹೆಂಗಿತ್ತು ಅಂತ ಗೊತ್ತಾಗೋದು ಪಿಯುಸಿಗೆ ಹೋದ ಮ್ಯಾಲ.

[ಪರದೆ: ಇನ್‌ಸ್ಟಾಗ್ರಾಂ ಪೇಜ್, ಹೆಸರು ಮಸುಕು]

ನಮ್ಮ ಹುಬ್ಬಳ್ಳಿ-ಧಾರವಾಡದಾಗ, ಗದಗಿನಾಗ ಆ ಥರದ ಸೈಟ್ ಯಾರು ನೋಡ್ತಾರ? ಇಲ್ಲಿ ಅದರ ಜಾಗಾದಾಗ ಬಂದಿದ್ದು 'ಕನ್ಫೆಷನ್ ಪೇಜ್'. ಇನ್‌ಸ್ಟಾದಾಗ ಕಾಲೇಜ್ ಹೆಸರಿನ ಪೇಜ್, ಬಯೋದಾಗ ಒಂದು ಗೂಗಲ್ ಫಾರ್ಮ್ ಲಿಂಕ್. ಯಾರರ ಏನರ ಬರೀರಿ, ಪೇಜ್ ನಡಸಾಂವ ಹಾಕ್ತಾನ. ಮೊದಲು ಲವ್ ವಿಷಯ ಇರ್ತಾವ, ಇಂಟರ್ನಲ್ ಮಾರ್ಕ್ಸ್ ಬಂದ ವಾರ ಮಾಸ್ತರ ಸರದಿ. ಕೆಲವರು ಹೆಸರು ಹೇಳದ ಮೆಸೇಜ್ ಕಳಸೋ ಎನ್‌ಜಿಎಲ್ ಅನ್ನೋ ಆ್ಯಪ್ ಬಳಸ್ತಾರ. ಅದರ ಮ್ಯಾಲ 2024ರ ಜುಲೈದಾಗ ಅಮೆರಿಕಾದ ಗ್ರಾಹಕ ರಕ್ಷಣೆ ಸಂಸ್ಥೆ ಆರೋಪ ಹೊರಿಸ್ತು: ಯಾರೂ ಬರೀದ ಮೆಸೇಜ್ ಕಂಪನಿಯವರ ತಾವ ಕಳಸ್ತಿದ್ರಂತ, ಕಳಿಸಿದವರ ಸುಳಿವು ಬೇಕಂದ್ರ ರೊಕ್ಕ ಕೀಳ್ತಿದ್ರಂತ. 50 ಲಕ್ಷ ಡಾಲರ್ ಕಟ್ಟಾಕ ಒಪ್ಪಿ ಬಗೆಹರಿಸ್ಕೊಂಡ್ರು, 18ರ ಒಳಗಿನವರಿಗೆ ಕೊಡಂಗಿಲ್ಲ ಅಂತ ಕಟ್ಟಪ್ಪಣೆನೂ ಆತು.

ಹೆಸರಿಲ್ಲದ ಬರದ್ರ ಯಾರಿಗೂ ಗೊತ್ತಾಗಂಗಿಲ್ಲ ಅಂತ ತಿಳ್ಕೊಂಡೀರೇನು? ಪೊಲೀಸ್ರು ಐಪಿ ಅಡ್ರೆಸ್ ಕೇಳಿ ತರಸಬಹುದು, ಅದು ಒಂದು. ಅದಕ್ಕೂ ಮೊದಲ, ನಲವತ್ತು ಹುಡುಗರ ಕ್ಲಾಸ್‌ನಾಗ "ನನ್ನ ಪ್ರಾಜೆಕ್ಟ್ ಬುಕ್ ಹರದು ಒಗದ್ರು" ಅಂತ ಬರದ್ರ ಬುಕ್ ಯಾರದು ಅಂತ ಮಧ್ಯಾಹ್ನದ ಬಿಸಿಯೂಟದೊಳಗ ಎಲ್ಲಾರಿಗೂ ಗೊತ್ತಾಗಿರ್ತೈತಿ.

ಕಾನೂನಿನ ಮಾತು ಸಣ್ಣಗ ಮುಗಸ್ತೇನಿ. ಆನ್‌ಲೈನ್‌ನಾಗ ಮನಸ್ಸಿಗೆ ನೋವಾಗೋ ಮಾತು ಬರದ್ರ ಶಿಕ್ಷೆ ಅಂತಿದ್ದ ಐಟಿ ಕಾಯ್ದೆಯ 66ಎ ಕಲಂ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ಕ್ಕ ರದ್ದು ಮಾಡೈತಿ, ಅದನ್ನ ತೋರಿಸಿ ಯಾರರ ಹೆದರಿಸಿದ್ರ ಹೆದರಬ್ಯಾಡ್ರಿ. ಆದ್ರ ಮಾನನಷ್ಟದ ಕಾನೂನು ಇನ್ನೂ ಐತಿ, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ, ಎರಡು ವರ್ಷದ ತನಕ ಶಿಕ್ಷೆ. "ಪಾಠ ತಿಳಿಯಂಗಿಲ್ಲ" ಅನ್ನೋದು ಅಭಿಪ್ರಾಯ. "ರೊಕ್ಕ ತಗೊಂಡು ಪಾಸ್ ಮಾಡ್ತಾರ" ಅನ್ನೋದು ಆರೋಪ, ಸಾಬೀತು ಮಾಡಬೇಕಾಗ್ತೈತಿ. ನಿಮ್ಮ ಬಗ್ಗೆ ಯಾರರ ಬರದಿದ್ರ, ಆ ಆ್ಯಪ್‌ನ ದೂರು ಅಧಿಕಾರಿಗೆ ಬರೀರಿ. 2021ರ ಐಟಿ ನಿಯಮದ ಪ್ರಕಾರ ದೂರು ಮುಟ್ಟೈತಿ ಅಂತ 24 ತಾಸಿನಾಗ ತಿಳಿಸಬೇಕು.

ಇನ್ನ ನನ್ನ ಮಾತು. ಒಂದು ಸ್ಟಾರ್ ಬಿದ್ರ ಯಾರಿಗೆ ಪೆಟ್ಟು ಬೀಳ್ತೈತಿ ಅಂತ ವಿಚಾರ ಮಾಡ್ರಿ. ಪರ್ಮನೆಂಟ್ ಸರ್ಕಾರಿ ಮಾಸ್ತರಿಗೆ ಹೆಚ್ಚಂದ್ರ ಮನಸ್ಸಿಗೆ ಬೇಜಾರು. ಹಾವೇರಿ ಕಡೆ ಯಾವ್ದೋ ಹಳ್ಳ್ಯಾಗ ವರ್ಷ ವರ್ಷ ಹೊಸದಾಗಿ ಅರ್ಜಿ ಹಾಕೋ ಅತಿಥಿ ಶಿಕ್ಷಕಿಗೆ, ಇಲ್ಲಾ ಪ್ರೈವೇಟ್ ಸಾಲಿಯಾಗ ಸಣ್ಣ ಪಗಾರಕ್ಕ ದುಡಿಯೋ ಅಕ್ಕೋರಿಗೆ, ಮುಂದಿನ ವರ್ಷದ ನೌಕರಿನ ಹೋಗಬಹುದು. ಯಾರ ಮ್ಯಾಲ ಹುಡುಗರಿಗೆ ಖರೆ ಸಿಟ್ಟು ಇರ್ತೈತೋ ಅವರು ಆರಾಮ ಇರ್ತಾರ, ಸಿಗಬಾರದವರು ಸಿಕ್ಕಿ ಬೀಳ್ತಾರ. ಇನ್ನ ಮಕ್ಕಳ ಗ್ರಾಮಸಭೆಗೆ ಹೋಗಿ ಕುಂತು ನೋಡ್ರಿ. ಅಲ್ಲಿ ಹುಡುಗ್ರು "ನಮ್ಮ ಮಾಸ್ತರಿಗೆ ಎರಡು ಸ್ಟಾರ್" ಅನ್ನಂಗಿಲ್ಲ, "ನಮಗ ಗಣಿತದ ಮಾಸ್ತರ ಇಲ್ಲ, ಕೊಡ್ರಿ" ಅಂತಾರ.

ಹಂಗಂತ ಹುಡುಗ್ರು ಬಾಯಿ ಮುಚ್ಚಿಕೊಂಡು ಕುಂದ್ರಬೇಕಾ? ಬಿಲ್‌ಕುಲ್ ಬ್ಯಾಡ. ಹೊಡೆಯೋದು, ಮನಸ್ಸಿಗೆ ಹಿಂಸೆ ಕೊಡೋದು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಪ್ರಕಾರ ನಿಷೇಧ ಐತಿ. ಅದಕ್ಕ ಎಸ್‌ಡಿಎಂಸಿ ಐತಿ, ಬಿಇಒ ಕಚೇರಿ ಐತಿ. ಮೈ ಮುಟ್ಟೋದು, ಕೆಟ್ಟ ಮೆಸೇಜ್ ಕಳಸೋದು ಆದ್ರ ಇನ್‌ಸ್ಟಾದಾಗ ಹಾಕಿ ಕಾಯಬ್ಯಾಡ್ರಿ, ಮಕ್ಕಳ ಸಹಾಯವಾಣಿ 1098ಕ್ಕ ಫೋನ್ ಹಚ್ಚರಿ. ಪೇಜ್ ನಡಸೋ ಹುಡುಗ ಅದನ್ನ ಲೈಕ್ ಸಲುವಾಗಿ ಹಾಕ್ತಾನ, ಮುಂದ ಏನೂ ಆಗಂಗಿಲ್ಲ.

[ಪರದೆ: ಅರ್ಧ ಹಾಳೆ, ಮೂರು ಪ್ರಶ್ನೆ]

ಉಳಿದದ್ದು ಪಾಠದ ಮಾತು. ಅದನ್ನ ಊರಿಗೆಲ್ಲಾ ಸಾರೋದಕ್ಕಿಂತ ಮಾಸ್ತರ ಕೈಗೆ ಮುಟ್ಟಿಸೋದು ಲಾಭ. ಮಾಸ್ತರು, ಅಕ್ಕೋರು ಈ ವಿಡಿಯೋ ನೋಡ್ತಿದ್ರ ನಿಮಗ ಹೇಳ್ತೇನಿ: ದಸರಾ ಸೂಟಿಗಿಂತ ಮೊದಲ ಮಾಡ್ರಿ, ವರ್ಷದ ಕಡೀಗೆ ಬ್ಯಾಡ. ಕಡೀಗೆ ಕೇಳಿದ್ರ ತಿದ್ಕೊಳ್ಳಾಕ ದಿನಾನ ಉಳಿದಿರಂಗಿಲ್ಲ. ಎಲ್ಲಾರಿಗೂ ಒಂದ ಸೈಜಿನ ಅರ್ಧ ಹಾಳಿ, ಹೆಸರು ಬ್ಯಾಡ. ಅಕ್ಷರ ಗುರುತು ಸಿಗ್ತೈತಿ ಅಂತ ಅಂಜಿಕಿ ಇದ್ರ, ಬ್ಯಾರೆ ಕ್ಲಾಸಿನ ಟೀಚರ್ ಒಬ್ಬರು ಓದಿ ಸಾರ ಬರಕೊಡಲಿ. ಮೂರ ಪ್ರಶ್ನೆ ಸಾಕು: ಯಾವ ಪಾಠ ಇನ್ನೊಮ್ಮೆ ಹೇಳಬೇಕು? ಯಾವಾಗ ಕೈ ಎತ್ತಾಕ ಅಂಜಿಕಿ ಆಗ್ತೈತಿ? ನಾನು ಏನು ಮಾಡೋದು ಬಿಡಬೇಕು? ಮರುದಿನ ಕ್ಲಾಸಿಗೆ ಬಂದು "ಇದು ಬರದೀರಿ, ಇದನ್ನ ಮಾಡ್ತೇನಿ, ಇದು ನನ್ನ ಕೈಯಾಗಿಲ್ಲ" ಅಂತ ಬಾಯಿ ಬಿಟ್ಟು ಹೇಳ್ರಿ. ಹಂಗ ಹೇಳದಿದ್ರ ಮುಂದಿನ ಸಲ ಹುಡುಗ್ರು ಹಾಳಿ ಖಾಲಿ ಕೊಡ್ತಾರ.

ನಾಲ್ಕನೇ ಪ್ರಶ್ನೆ ಯಾವದಿರಬೇಕು ಅಂತ ಕಾಮೆಂಟ್‌ನಾಗ ಬರೀರಿ. ಮಾಸ್ತರ ಹೆಸರು, ಸಾಲಿ ಹೆಸರು ಹಾಕಿದ ಕಾಮೆಂಟ್ ಮಾತ್ರ ಕಂಡ ಕೂಡ್ಲೆ ಅಳಸ್ತೇವ್ರಿ, ಹೊಗಳಿ ಬರದಿದ್ರೂ ಅಷ್ಟ.