20 ಅಂದರೆ 20 ದಿನ ಅಲ್ಲ

ಎಲ್ಲರಿಗೂ ನಮಸ್ಕಾರ. ಇಲ್ಲಿರುವವರೆಲ್ಲ ಕಟ್ಟಡದ ಮಾದರಿ, ನಕ್ಷೆ ಮಾಡುವ ರೆವಿಟ್ ಸಾಫ್ಟ್‌ವೇರ್‌ನಲ್ಲಿ ಕೈ ಸುಟ್ಟುಕೊಂಡವರೇ. ಎಲ್ಲರೂ ಸೇರಿ ಕೆಲಸ ಮಾಡುವ ಮೂಲ ಫೈಲು ಸೆಂಟ್ರಲ್, ಅವರವರ ಕಂಪ್ಯೂಟರಿನಲ್ಲಿರುವ ಅದರ ಕಾಪಿ ಲೋಕಲ್, ಇದಕ್ಕಿಂತ ಹೆಚ್ಚು ಪಾಠ ಮಾಡುವುದಿಲ್ಲ. ಸೆಂಟ್ರಲ್ ಫೈಲಿನ ಪಕ್ಕದಲ್ಲಿ ಬ್ಯಾಕಪ್ ಅಂತ ಒಂದು ಫೋಲ್ಡರ್ ಇರುತ್ತದಲ್ಲ, ಅದನ್ನು ನಂಬಿ ನಿದ್ದೆ ಮಾಡಬೇಡಿ. ಇಷ್ಟು ಹೇಳೋಕೇ ಬಂದಿದ್ದೇನೆ.

ಲೆಕ್ಕ ನೋಡಿ. ನಾವು ಏನೂ ಬದಲಾಯಿಸದಿದ್ದರೆ ರೆವಿಟ್ ಇಟ್ಟುಕೊಳ್ಳುವುದು 20 ಆವೃತ್ತಿ. ಯಾರೇ ಸಿಂಕ್ ಮಾಡಲಿ, ಅಂದರೆ ತಮ್ಮ ಬದಲಾವಣೆಯನ್ನು ಸೆಂಟ್ರಲ್‌ಗೆ ಸೇರಿಸಿ ಬೇರೆಯವರದನ್ನು ತಮ್ಮ ಲೋಕಲ್‌ಗೆ ತಂದುಕೊಳ್ಳಲಿ, ಹೊಸದೊಂದು ಸೇರುತ್ತದೆ, ಹಳೆಯದೊಂದು ಹೋಗುತ್ತದೆ. 8 ಜನ ಗಂಟೆಗೊಮ್ಮೆ ಸಿಂಕ್ ಮಾಡಿದರೆ ಎರಡೂವರೆ ಗಂಟೆಗೆ 20 ಖಾಲಿ. ನಿನ್ನೆಯದು ಬಿಡಿ, ತಿಂಡಿ ಹೊತ್ತಿನದು ಊಟದ ಹೊತ್ತಿಗೆ ಸಿಗುವುದಿಲ್ಲ.

ನನಗೆ ಗೊತ್ತಿರುವ ಒಂದು ಆಫೀಸು, ಹೆಸರು ಬೇಡ. ಅಲ್ಲೂ 8 ಜನ. ಬೆಳಿಗ್ಗೆ ಹತ್ತಕ್ಕೆ ಯಾರೋ ಮೆಟ್ಟಿಲುಗಳನ್ನೆಲ್ಲ ಅಳಿಸಿ ಸಿಂಕ್ ಮಾಡಿದ್ದಾರೆ. ಗೊತ್ತಾದದ್ದು ಮೂರಕ್ಕೆ, ಸೆಕ್ಷನ್, ಅಂದರೆ ಕಟ್ಟಡವನ್ನು ಸೀಳಿ ತೋರಿಸುವ ನಕ್ಷೆಯ ಪ್ರಿಂಟ್ ತೆಗೆದಾಗ. ಆರು ಮಹಡಿ, ಹತ್ತುವ ದಾರಿಯೇ ಇಲ್ಲ! ರಿಸ್ಟೋರ್ ಬ್ಯಾಕಪ್ ತೆರೆದರೆ ತೀರಾ ಹಳೆಯದೇ ಹನ್ನೆರಡೂವರೆಯದು. ಯಜಮಾನರು "ರೋಲ್‌ಬ್ಯಾಕ್ ಒತ್ರೀ" ಅಂತ ಕೂಗಿದರಂತೆ. ಒತ್ತಿದ್ದರೆ ಸೆಂಟ್ರಲ್ಲೇ ಹನ್ನೆರಡೂವರೆಯ ಆವೃತ್ತಿಗೆ ಹಿಂದೆ ಹೋಗಿ, ಮೆಟ್ಟಿಲೂ ಬರುತ್ತಿರಲಿಲ್ಲ, ಮಧ್ಯಾಹ್ನದ ಕೆಲಸವೂ ಉಳಿಯುತ್ತಿರಲಿಲ್ಲ. ರೋಲ್‌ಬ್ಯಾಕ್ ಆದಮೇಲೆ ವಾಪಸ್ ಬರೋಕಾಗುವುದಿಲ್ಲ. ಅದೇ ಕಿಟಕಿಯಲ್ಲಿ ಹಳೆಯ ಆವೃತ್ತಿಯನ್ನು ಬೇರೆ ಫೈಲಾಗಿ ಉಳಿಸುವ ಸೇವ್ ಆಸ್ ಇದೆ, ಮೊದಲು ಅದನ್ನು ಒತ್ತಿ.

ಕಾಪಾಡಿದ್ದು ತಂಗಿ ಮದುವೆಗೆ ಶಿರಸಿಗೆ ಹೋಗಿದ್ದ ಒಬ್ಬ ಹುಡುಗಿ. ಅವಳ ಲ್ಯಾಪ್‌ಟಾಪ್‌ನ ಲೋಕಲ್ ಕಾಪಿಯಲ್ಲಿ ಮೆಟ್ಟಿಲು ಹಾಗೇ ಇತ್ತು. "ಅಮ್ಮಾ, ದಯವಿಟ್ಟು ಸಿಂಕ್ ಒತ್ತಬೇಡ, ಫೈಲ್ ಕಳಿಸು" ಅಂತ ಫೋನ್. ಅದು ಅಪ್‌ಲೋಡ್ ಆಗುವಷ್ಟರಲ್ಲಿ ಹೆಣ್ಣು ಒಪ್ಪಿಸುವ ಶಾಸ್ತ್ರವೂ ಮುಗಿದಿತ್ತಂತೆ. ಇಲ್ಲಿ ಡಿಟ್ಯಾಚ್ ಮಾಡಿ, ಅಂದರೆ ಸೆಂಟ್ರಲ್‌ನ ನಂಟು ಬಿಡಿಸಿ ತೆರೆದು, ಮೆಟ್ಟಿಲು ಕಾಪಿ ಮಾಡಿ, ಅದೇ ಜಾಗಕ್ಕೆ ಪೇಸ್ಟ್ ಮಾಡಿದರು. ಟ್ಯಾಗು, ಡೈಮೆನ್ಷನ್ನು ಮಾತ್ರ ರಾತ್ರಿಯೆಲ್ಲ ಕೂತು ಹಾಕಿದರು.

ಈಗ ಹೇಳಿ, ಮದುವೆ ನಂಬಿ ಆಫೀಸು ನಡೆಸೋಕಾಗುತ್ತಾ?

ಆಪ್ಷನ್ಸ್‌ನಲ್ಲಿ 20 ಅನ್ನು 100 ಮಾಡಬಹುದಲ್ಲ ಅನ್ನುತ್ತೀರಿ. ಮಾಡಿ. ಆದರೂ ಅದೇ 8 ಜನಕ್ಕೆ ಹನ್ನೆರಡೂವರೆ ಗಂಟೆ, ಅಷ್ಟೇ. ಮೇಲಾಗಿ ಸೆಂಟ್ರಲ್ಲೂ ಬ್ಯಾಕಪ್ಪೂ ಒಂದೇ ಡಿಸ್ಕಿನಲ್ಲಿವೆ. ದಿನಾ ರಾತ್ರಿ ಸೆಂಟ್ರಲ್‌ನ ಕಾಪಿ, ತಾರೀಖು ಹಾಕಿ, ಬೇರೆ ಕಡೆ ಹೋಗಲೇಬೇಕು. ಆ ಕಾಪಿಯನ್ನು ಸುಮ್ನೆ ಡಬಲ್ ಕ್ಲಿಕ್ ಮಾಡಬೇಡಿ. ಅದು ಹಳೇ ಸೆಂಟ್ರಲ್‌ನ ಲೋಕಲ್ ಥರ ವರ್ತಿಸುತ್ತದೆ. ಡಿಟ್ಯಾಚ್ ಟಿಕ್ ಮಾಡಿಯೇ ತೆರೆಯಿರಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇನ್ನೂ ನಾಲ್ಕು ವಿಷಯ ಬರೆದುಕೊಂಡಿದ್ದೆ, ಎರಡನ್ನು ಹೇಳಿಬಿಡುತ್ತೇನೆ. ಲೋಕಲ್ ಕಾಪಿಯನ್ನು ಒನ್‌ಡ್ರೈವ್ ಫೋಲ್ಡರ್‌ನಲ್ಲಿ ಇಡಬೇಡಿ. ಬೆಳಿಗ್ಗೆ ಹೊಸ ಲೋಕಲ್ ಮಾಡುವಾಗ ಹಳೆಯದರ ಮೇಲೆ ಬರೆಯಲಾ, ಟೈಮ್‌ಸ್ಟ್ಯಾಂಪ್ ಸೇರಿಸಲಾ ಅಂತ ಕೇಳುತ್ತದೆ ಅಲ್ವಾ? ಟೈಮ್‌ಸ್ಟ್ಯಾಂಪ್ ಒತ್ತಿ. ಹಳೆಯವು ಒಂದು ವಾರ ಇರಲಿ, ಜಾಗ ಜಾಸ್ತಿ ಹಿಡಿದರೆ ಶನಿವಾರ ಅಳಿಸಿ.