ಸೀಟು, ಶುಲ್ಕ ಮತ್ತು ಗಡುವು

ಕೇಳುಗರಿಗೆ ನಮಸ್ಕಾರ.

2024ರ ಜೂನ್ ತಿಂಗಳಿನಲ್ಲಿ ಉತ್ತರ ಪ್ರದೇಶದ ಮುಜಫ್ಫರನಗರ ಜಿಲ್ಲೆಯ ದಲಿತ ವಿದ್ಯಾರ್ಥಿಯೊಬ್ಬನಿಗೆ ಧನಬಾದಿನ ಐಐಟಿಯಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಸೀಟು ಹಂಚಿಕೆಯಾಯಿತು. ಆ ಸೀಟನ್ನು ಒಪ್ಪಿಕೊಳ್ಳಲು ಅವನು 17,500 ರೂಪಾಯಿ ಕಟ್ಟಬೇಕಾಗಿತ್ತು. ತಂದೆ ದಿನಗೂಲಿ ಕಾರ್ಮಿಕರು. ಮನೆಯವರು ಅಲ್ಲಿ ಇಲ್ಲಿ ಕೇಳಿ ಹಣ ಹೊಂದಿಸುವಷ್ಟರಲ್ಲಿ ಜೂನ್ 24ರ ಸಂಜೆ 5 ಗಂಟೆಯ ಗಡುವು ಮುಗಿದುಹೋಗಿತ್ತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸೆಪ್ಟೆಂಬರ್ 30ರಂದು ನ್ಯಾಯಾಲಯವು ಸಂಪೂರ್ಣ ನ್ಯಾಯ ಒದಗಿಸಲು ಬೇಕಾದ ಆದೇಶ ನೀಡಬಹುದೆನ್ನುವ ಸಂವಿಧಾನದ 142ನೇ ವಿಧಿಯ ಅಧಿಕಾರವನ್ನು ಬಳಸಿ, ಬೇರೆ ಯಾವ ವಿದ್ಯಾರ್ಥಿಯ ಸೀಟಿಗೂ ತೊಂದರೆಯಾಗದಂತೆ ಹೆಚ್ಚುವರಿ ಸೀಟೊಂದನ್ನು ಸೃಷ್ಟಿಸಿ ಅವನನ್ನು ಸೇರಿಸಿಕೊಳ್ಳಬೇಕೆಂದು ಆದೇಶಿಸಿತು.

ಬಡ ವಿದ್ಯಾರ್ಥಿಗಳಿಗೆ ಕಾಲೇಜು ಪ್ರವೇಶದಲ್ಲಿ ನ್ಯಾಯ ಸಿಗುತ್ತಿದೆಯೇ ಎಂದು ಚರ್ಚಿಸುವಾಗ ನಾವು ಸಾಮಾನ್ಯವಾಗಿ ಶೇಕಡಾವಾರು ಮೀಸಲಾತಿಯ ಬಗ್ಗೆ, ಕಟ್ ಆಫ್ ರ‍್ಯಾಂಕಿನ ಬಗ್ಗೆ ಮಾತನಾಡುತ್ತೇವೆ. ಮೇಲಿನ ಪ್ರಕರಣದಲ್ಲಿ ಇವೆರಡೂ ಅಡ್ಡಿಯಾಗಲಿಲ್ಲ. ರ‍್ಯಾಂಕು ಬಂದಿತ್ತು, ಸೀಟೂ ಸಿಕ್ಕಿತ್ತು. ಅಡ್ಡಿಯಾದದ್ದು ದಿನಾಂಕ. ಬಡತನದ ಹೆಸರಿನಲ್ಲಿ ಇರುವ ಸೀಟುಗಳು ನಿಜವಾಗಿ ಯಾರಿಗೆ ತಲುಪುತ್ತವೆ ಎಂಬುದನ್ನು ಆದಾಯದ ಗೆರೆಯನ್ನು ಎಲ್ಲಿ ಎಳೆಯುತ್ತೇವೆ ಮತ್ತು ಹಣವನ್ನು ಯಾವಾಗ ಕೇಳುತ್ತೇವೆ ಎಂಬ ಎರಡು ಸಂಗತಿಗಳೇ ಬಹುಮಟ್ಟಿಗೆ ನಿರ್ಧರಿಸುತ್ತವೆ ಎಂಬುದು ನನ್ನ ಅಭಿಪ್ರಾಯ. ಇಂದಿನ ಮಾತು ಅದರ ಸುತ್ತಲೇ.

ನಮ್ಮ ಕರಾವಳಿಯ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳು ಪಿಯುಸಿ ಫಲಿತಾಂಶದಲ್ಲಿ ರಾಜ್ಯದ ಮೊದಲ ಎರಡು ಸ್ಥಾನಗಳನ್ನು ಬಹುಕಾಲದಿಂದ ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತ ಬಂದಿವೆ. 2024ರಲ್ಲಿ ದಕ್ಷಿಣ ಕನ್ನಡ ಮೊದಲು, 2025ರಲ್ಲಿ ಉಡುಪಿ ಮೊದಲು. ಪತ್ರಿಕೆಗಳಲ್ಲಿ ಸಂಭ್ರಮದ ಮುಖಪುಟ ಬರುತ್ತದೆ, ಕಾಲೇಜುಗಳ ಮುಂದೆ ಫ್ಲೆಕ್ಸ್ ಏಳುತ್ತದೆ. ಆದರೆ ತೇರ್ಗಡೆಯಾದ ಮಕ್ಕಳಲ್ಲಿ ಬೀಡಿ ಕಟ್ಟುವವರ, ಗೋಡಂಬಿ ಕಾರ್ಖಾನೆಗೆ ಹೋಗುವವರ, ಮಲ್ಪೆ ಬಂದರಿನಲ್ಲಿ ಮೀನು ಹೊರುವವರ ಮಕ್ಕಳು ಎಷ್ಟು ಮಂದಿ ಎಂಜಿನಿಯರಿಂಗಿಗೆ ಅಥವಾ ವೈದ್ಯಕೀಯಕ್ಕೆ ಹೋದರು ಎಂಬುದನ್ನು ಯಾವ ಫ್ಲೆಕ್ಸೂ ಹೇಳುವುದಿಲ್ಲ.

ಈಗ ಆದಾಯದ ಗೆರೆಯ ವಿಚಾರ. 2019ರಲ್ಲಿ ಸಂವಿಧಾನದ 103ನೇ ತಿದ್ದುಪಡಿಯ ಮೂಲಕ ಆರ್ಥಿಕವಾಗಿ ದುರ್ಬಲರಾದವರಿಗೆ ಶೇಕಡಾ 10ರ ಮೀಸಲಾತಿ ಬಂದಾಗ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆಯಿರಬೇಕು ಎಂಬ ಮಿತಿಯನ್ನು ನಿಗದಿ ಮಾಡಲಾಯಿತು. ಐದು ಎಕರೆ ಕೃಷಿ ಭೂಮಿ, ಸಾವಿರ ಚದರಡಿಯ ಫ್ಲ್ಯಾಟು ಮುಂತಾದ ಹೊರಗಿಡುವ ನಿಯಮಗಳೂ ಜೊತೆಗಿವೆ. ಹಿಂದುಳಿದ ವರ್ಗಗಳ ಕೆನೆಪದರದ, ಅಂದರೆ ಮೀಸಲಾತಿಯಿಂದ ಹೊರಗುಳಿಯುವ ಅನುಕೂಲಸ್ಥರ, ಮಿತಿಯೂ ಅದೇ 8 ಲಕ್ಷ. ಸಿಇಟಿಯಲ್ಲಿ ನಾವು ಎಸ್‌ಎನ್‌ಕ್ಯೂ ಎಂದು ಕರೆಯುವ, ಬೋಧನಾ ಶುಲ್ಕ ವಿನಾಯಿತಿಯ ಶೇಕಡಾ 5 ಹೆಚ್ಚುವರಿ ಸೀಟುಗಳಿಗೂ ಅದೇ 8 ಲಕ್ಷ. ಈ ಮಿತಿಯನ್ನು ಮರುಪರಿಶೀಲಿಸಲು ಕೇಂದ್ರ ಸರ್ಕಾರ 2021ರಲ್ಲಿ ಅಜಯ್ ಭೂಷಣ್ ಪಾಂಡೆ ಅವರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. ಆ ಸಮಿತಿಯೂ 8 ಲಕ್ಷವನ್ನೇ ಉಳಿಸಿಕೊಳ್ಳಬಹುದೆಂದು ಹೇಳಿತು.

ವರ್ಷಕ್ಕೆ 8 ಲಕ್ಷವೆಂದರೆ ತಿಂಗಳಿಗೆ ಸುಮಾರು 66,000 ರೂಪಾಯಿ. ಮಂಗಳೂರಿನಲ್ಲಿ ತಿಂಗಳಿಗೆ ಅಷ್ಟು ಬರುವ ಮನೆಯವರು ಶ್ರೀಮಂತರಲ್ಲ, ಒಪ್ಪೋಣ. ಆದರೆ ಆ ಮನೆಯ ಮಗು ಮತ್ತು ವರ್ಷಕ್ಕೆ ಬಹಳವೆಂದರೆ ಎರಡು ಲಕ್ಷ ದುಡಿಯುವ ಬಂಟ್ವಾಳದ ಬೀಡಿ ಕಾರ್ಮಿಕರ ಮನೆಯ ಮಗು ಒಂದೇ ಪಟ್ಟಿಯಲ್ಲಿ ನಿಂತು, ಆ ಪಟ್ಟಿಯೊಳಗೆ ರ‍್ಯಾಂಕಿನ ಪ್ರಕಾರ ಸೀಟು ಹಂಚಿಕೆಯಾದರೆ ಫಲ ಏನಾದೀತು? ಮೊದಲ ಮನೆಯವರು ಎರಡು ವರ್ಷದ ಕೋಚಿಂಗಿಗೆ ಹೇಗಾದರೂ ಹಣ ಹೊಂದಿಸಿರುತ್ತಾರೆ, ಎರಡನೆಯವರಿಗೆ ಅದು ಸಾಧ್ಯವಾಗಿರುವುದಿಲ್ಲ. ಬಡವರ ಕೋಟಾದೊಳಗೇ ಇರುವವರ ಮತ್ತು ಇಲ್ಲದವರ ನಡುವಿನ ಪೈಪೋಟಿ ಮತ್ತೊಮ್ಮೆ ನಡೆಯುತ್ತದೆ.

ಇದು ಹೊಸ ಸಂಗತಿಯೇನೂ ಅಲ್ಲ. ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಶುಲ್ಕದ ವಿವಾದದಲ್ಲಿ ಸುಪ್ರೀಂ ಕೋರ್ಟಿನ 1993ರ ಉನ್ನಿಕೃಷ್ಣನ್ ತೀರ್ಪು ಅರ್ಧದಷ್ಟು ಸೀಟುಗಳನ್ನು ಉಚಿತ ಸೀಟುಗಳೆಂದೂ ಉಳಿದರ್ಧವನ್ನು ಪಾವತಿ ಸೀಟುಗಳೆಂದೂ ವಿಂಗಡಿಸುವ ವ್ಯವಸ್ಥೆಯನ್ನು ತಂದಿತು. ಉದ್ದೇಶ ಒಳ್ಳೆಯದೇ ಇತ್ತು: ಪಾವತಿ ಸೀಟಿನವರ ಹಣದಿಂದ ಉಚಿತ ಸೀಟಿನವರು ಓದಲಿ ಎಂದು. ನಡೆದದ್ದು ಬೇರೆ. ಒಳ್ಳೆಯ ಶಾಲೆಗಳಲ್ಲಿ ಓದಿದ, ಅನುಕೂಲಸ್ಥ ಮನೆಗಳ ಮಕ್ಕಳು ಹೆಚ್ಚು ಅಂಕ ಗಳಿಸಿ ಉಚಿತ ಸೀಟುಗಳನ್ನು ಪಡೆದರು; ಕಡಿಮೆ ಅಂಕ ಬಂದ ಬಡವರ ಮಕ್ಕಳಿಗೆ ಹೆಚ್ಚಿನ ಶುಲ್ಕದ ಸೀಟು ಉಳಿಯಿತು. 2002ರ ಅಕ್ಟೋಬರ್ 31ರಂದು 11 ನ್ಯಾಯಮೂರ್ತಿಗಳ ಪೀಠ ನೀಡಿದ ತೀರ್ಪಿನಲ್ಲಿ ಈ ವೈಪರೀತ್ಯವನ್ನು ನ್ಯಾಯಾಲಯವೇ ಗುರುತಿಸಿತು. ಆ ತೀರ್ಪಿನ ಹೆಸರು ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣ. ಅಂದರೆ ನಮ್ಮ ಮಣಿಪಾಲದಿಂದ ಹೊರಟ ಪ್ರಕರಣ. ದೇಶದ ಖಾಸಗಿ ಕಾಲೇಜುಗಳ ಸ್ವಾಯತ್ತತೆಯನ್ನು ನಿರ್ಧರಿಸಿದ ಮಾತು ಕರಾವಳಿಯಿಂದಲೇ ಆರಂಭವಾಯಿತು ಎಂಬುದು ನಮಗೆ ಹೆಮ್ಮೆಯೋ ಹೊಣೆಯೋ, ಕೇಳುಗರೇ ತೀರ್ಮಾನಿಸಲಿ.

ಒಂದೇ ಗೆರೆ ಸಾಲದು, ಮೆಟ್ಟಿಲುಗಳಂತೆ ಹಲವು ಗೆರೆಗಳಿರಬೇಕು ಎಂದರೆ ಅದು ಆಡಳಿತಕ್ಕೆ ತೊಡಕು ಎಂಬ ಉತ್ತರ ಬರುತ್ತದೆ. ಅದಕ್ಕೆ ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಟಿಕೆಯೇ ಉತ್ತರ. ಎನ್‌ಐಟಿಗಳ ಬೋಧನಾ ಶುಲ್ಕದಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳಿಗೆ ಪೂರ್ತಿ ವಿನಾಯಿತಿಯಿದೆ. ಉಳಿದವರಲ್ಲಿ ಕುಟುಂಬದ ಆದಾಯ 1 ಲಕ್ಷಕ್ಕಿಂತ ಕಡಿಮೆಯಿದ್ದರೆ ಪೂರ್ತಿ, 1ರಿಂದ 5 ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಭಾಗ ವಿನಾಯಿತಿ. ಒಂದೇ ಆವರಣದಲ್ಲಿ ಸೀಟಿಗೆ 8 ಲಕ್ಷದ ಒಂದೇ ಗೆರೆ, ಶುಲ್ಕಕ್ಕೆ ಮಾತ್ರ ಹಂತಹಂತದ ಗೆರೆ. ಶುಲ್ಕದಲ್ಲಿ ಸಾಧ್ಯವಾದದ್ದು ಸೀಟಿನಲ್ಲಿ ಏಕೆ ಸಾಧ್ಯವಾಗಬಾರದು?

ಇನ್ನೊಂದು ಮಾತನ್ನೂ ಇಲ್ಲಿ ಹೇಳಲೇಬೇಕು. ಆರ್ಥಿಕ ದುರ್ಬಲರ ಶೇಕಡಾ 10ರ ಮೀಸಲಾತಿಯನ್ನು ಸುಪ್ರೀಂ ಕೋರ್ಟು 2022ರ ನವೆಂಬರ್ 7ರಂದು ಮೂರು–ಎರಡರ ಬಹುಮತದಿಂದ ಎತ್ತಿಹಿಡಿಯಿತು. ಭಿನ್ನಮತದ ತೀರ್ಪು ಬರೆದ ನ್ಯಾಯಮೂರ್ತಿ ರವೀಂದ್ರ ಭಟ್ ಅವರು, ಪರಿಶಿಷ್ಟರು ಮತ್ತು ಹಿಂದುಳಿದ ವರ್ಗಗಳಲ್ಲಿರುವ ಬಡವರನ್ನು ಈ ಸೌಲಭ್ಯದಿಂದ ಹೊರಗಿಟ್ಟದ್ದನ್ನು ತಪ್ಪೆಂದರು. ಆಗಿನ ಮುಖ್ಯ ನ್ಯಾಯಮೂರ್ತಿ ಯು.ಯು. ಲಲಿತ್ ಅವರೂ ಅದನ್ನು ಒಪ್ಪಿದರು. ಹಿಂದುಳಿದ ವರ್ಗಕ್ಕೆ ಸೇರಿದ, ಮಲ್ಪೆಯ ಬಡ ಮೊಗವೀರ ಕುಟುಂಬದ ಮಗುವಿಗೆ ಆರ್ಥಿಕ ದುರ್ಬಲರ ಸೀಟು ಇಲ್ಲ. ಅದು ತನ್ನ ವರ್ಗದ ಪಟ್ಟಿಯಲ್ಲೇ, ಅದೇ ವರ್ಗದ ಅನುಕೂಲಸ್ಥರ ಜೊತೆ ಸ್ಪರ್ಧಿಸಬೇಕು. ಜಾತಿಯ ಅನ್ಯಾಯವನ್ನು ಆದಾಯದಿಂದ ಅಳೆಯಲಾಗದು ಎಂಬ ವಾದವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಆದರೆ ಬಡತನಕ್ಕೆಂದೇ ಇಟ್ಟ ಸೀಟಿನಲ್ಲಿ ಬಹುಪಾಲು ಬಡವರಿಗೆ ಜಾಗವಿಲ್ಲದಿರುವುದನ್ನು ಒಪ್ಪುವುದು ಕಷ್ಟ.

ಕಡಿಮೆ ರ‍್ಯಾಂಕಿನವರಿಗೆ ಸೀಟು ಕೊಟ್ಟರೆ ಪ್ರತಿಭೆಗೆ ಅನ್ಯಾಯವಾಗುತ್ತದೆ ಎಂಬ ಆಕ್ಷೇಪ ಪ್ರತಿ ವರ್ಷವೂ ಕೇಳಿಬರುತ್ತದೆ. ಎಸ್‌ಎನ್‌ಕ್ಯೂ ಸೀಟುಗಳ ಮಟ್ಟಿಗೆ ಈ ಆಕ್ಷೇಪಕ್ಕೆ ಆಧಾರವೇ ಇಲ್ಲ, ಏಕೆಂದರೆ ಅವು ಮಂಜೂರಾದ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಬರುತ್ತವೆ; ಇನ್ನೊಬ್ಬರ ಪಾಲಿನಿಂದ ಕಿತ್ತುಕೊಂಡವಲ್ಲ. ಉಳಿದ ಸೀಟುಗಳ ವಿಚಾರದಲ್ಲಿ, ರ‍್ಯಾಂಕು ಎಲ್ಲಿಂದ ಹುಟ್ಟುತ್ತದೆ ಎಂದು ಕೇಳಬೇಕು. ಮೂಡುಬಿದಿರೆ, ಕಾರ್ಕಳ, ಮಂಗಳೂರಿನ ಸುತ್ತ ಬೆಳೆದಿರುವ ವಸತಿ ಪದವಿಪೂರ್ವ ಕಾಲೇಜುಗಳಲ್ಲಿ ಬೆಳಗಿನ ಜಾವದಿಂದ ರಾತ್ರಿಯವರೆಗೆ ನೀಟ್ ಮತ್ತು ಜೆಇಇ ತರಬೇತಿ ನಡೆಯುತ್ತದೆ. ರಾಜ್ಯದ ಎಲ್ಲ ಕಡೆಗಳಿಂದಲೂ ಮಕ್ಕಳು ಬಂದು ಸೇರುತ್ತಾರೆ. ಅವರ ಶ್ರಮವನ್ನು ಕಡೆಗಣಿಸುವುದು ನನ್ನ ಉದ್ದೇಶವಲ್ಲ. ಆದರೆ ಸುಳ್ಯದ ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಓದಿ, ರಜೆಯಲ್ಲಿ ಅಡಿಕೆ ಸುಲಿಯಲು ಹೋಗುವ ಹುಡುಗಿ ಪಡೆದ ಹತ್ತು ಸಾವಿರದ ರ‍್ಯಾಂಕನ್ನೂ ಈ ವಸತಿ ಕಾಲೇಜಿನವರ ಐದು ಸಾವಿರದ ರ‍್ಯಾಂಕನ್ನೂ ಹಾಗೆಯೇ ಪಕ್ಕಪಕ್ಕದಲ್ಲಿಟ್ಟು, ಇದು ಹೆಚ್ಚು, ಅದು ಕಡಿಮೆ ಎಂದು ಹೇಳಿಬಿಡಲು ನನಗೆ ಧೈರ್ಯವಿಲ್ಲ.

ಓಟ ಆರಂಭಿಸಿದ ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಪ್ರಯತ್ನಗಳು ಅಲ್ಲಲ್ಲಿ ನಡೆದಿವೆ. ಅಮೆರಿಕದ ಟೆಕ್ಸಸ್ ರಾಜ್ಯ 1997ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಪ್ರತಿಯೊಂದು ಪ್ರೌಢಶಾಲೆಯ ಮೊದಲ ಶೇಕಡಾ 10ರಷ್ಟು ವಿದ್ಯಾರ್ಥಿಗಳಿಗೆ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ನೇರ ಪ್ರವೇಶ ಸಿಗುವಂತಾಯಿತು; ಬಡ ಬಡಾವಣೆಯ ಶಾಲೆಗೂ ಶ್ರೀಮಂತ ಬಡಾವಣೆಯ ಶಾಲೆಗೂ ಅದು ಒಂದೇ ಆಗಿತ್ತು. ನಮ್ಮ ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಇರುವುದೂ ಇದೇ ತತ್ತ್ವದ ಮೇಲೆ.

ತಮಿಳುನಾಡಿನ ಉದಾಹರಣೆ ಇನ್ನೂ ಪಾಠ ಕಲಿಸುವಂಥದು. ಆರನೆಯ ತರಗತಿಯಿಂದ ಹನ್ನೆರಡನೆಯವರೆಗೆ ಸರ್ಕಾರಿ ಶಾಲೆಯಲ್ಲಿ ಓದಿ ನೀಟ್‌ನಲ್ಲಿ ಅರ್ಹರಾದವರಿಗೆ ವೈದ್ಯಕೀಯ ಸೀಟುಗಳಲ್ಲಿ ಶೇಕಡಾ 7.5ನ್ನು ಆ ಸರ್ಕಾರ 2020ರಲ್ಲಿ ಮೀಸಲಿಟ್ಟಿತು. ಮೊದಲ ವರ್ಷವೇ, ಖಾಸಗಿ ಕಾಲೇಜಿನಲ್ಲಿ ಸೀಟು ಸಿಕ್ಕಿದ ಕೆಲವರು ಶುಲ್ಕಕ್ಕೆ ಹೆದರಿ ಸೀಟು ಬಿಟ್ಟ ಸುದ್ದಿ ಹೊರಬಂದಿತು. ವಿದ್ಯಾರ್ಥಿವೇತನ ಮಂಜೂರಾಗುವವರೆಗೆ ಕಾಯದೆ, ಆವರ್ತ ನಿಧಿಯೊಂದರಿಂದ ಶುಲ್ಕವನ್ನು ನೇರವಾಗಿ ಕಾಲೇಜಿಗೆ ಕಟ್ಟುವುದಾಗಿ ಸರ್ಕಾರ ಕೂಡಲೇ ಘೋಷಿಸಬೇಕಾಯಿತು. ಸೀಟು ಕೊಡುವುದು ಅರ್ಧ ಕೆಲಸ ಎಂಬುದು ಅವರಿಗೆ ಒಂದೇ ತಿಂಗಳಲ್ಲಿ ಅರ್ಥವಾಯಿತು.

ನಮ್ಮಲ್ಲಿ ಆ ಉಳಿದರ್ಧ ಹೇಗಿದೆ ನೋಡೋಣ. ಸೀಟು ಹಂಚಿಕೆಯಾದ ಕೆಲವೇ ದಿನಗಳಲ್ಲಿ ಸೀಟು ಬೇಕೇ ಬೇಡವೇ ಎಂಬ ಆಯ್ಕೆಯನ್ನು, ಅಂದರೆ ಚಾಯ್ಸ್, ದಾಖಲಿಸಿ ಶುಲ್ಕ ಕಟ್ಟಬೇಕು. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್‌ಗೆ ಅರ್ಜಿ ಹಾಕುವುದು ಕಾಲೇಜಿಗೆ ಸೇರಿದ ಮೇಲೆ. ಹಣ ಬ್ಯಾಂಕ್ ಖಾತೆಗೆ ಬರುವುದು ಅದಕ್ಕೂ ಎಷ್ಟೋ ತಿಂಗಳ ನಂತರ. ನಡುವಿನ ಅವಧಿಯನ್ನು ದಾಟಿಸುವುದು ಯಾರು? ತಾಯಿಯ ಕರಿಮಣಿ ಸರ ಸಹಕಾರಿ ಸೊಸೈಟಿಯಲ್ಲಿ ಅಡವಿಗೆ ಹೋಗುತ್ತದೆ, ಸ್ವಸಹಾಯ ಸಂಘದ ಸಾಲ ಬರುತ್ತದೆ, ಮುಂಬೈಯಲ್ಲೋ ಗಲ್ಫಿನಲ್ಲೋ ಇರುವ ಮಾವನಿಗೆ ಫೋನ್ ಹೋಗುತ್ತದೆ. ಇವು ಮೂರೂ ಇಲ್ಲದ ಮನೆಯವರು ಸೀಟನ್ನು ಬಿಡುತ್ತಾರೆ. ಹಾಗೆ ಬಿಟ್ಟದ್ದು ದಾಖಲೆಯಲ್ಲಿ ಬಡತನದಿಂದ ಎಂದು ಬರುವುದಿಲ್ಲ, ಅಭ್ಯರ್ಥಿ ಹಾಜರಾಗಲಿಲ್ಲ ಎಂದಷ್ಟೇ ಬರುತ್ತದೆ.

ಎಸ್‌ಎನ್‌ಕ್ಯೂ ವಿನಾಯಿತಿಯೂ ಬೋಧನಾ ಶುಲ್ಕಕ್ಕೆ ಮಾತ್ರ. ವಿಶ್ವವಿದ್ಯಾಲಯದ ಶುಲ್ಕ, ಹಾಸ್ಟೆಲ್, ಲ್ಯಾಪ್‌ಟಾಪ್, ಬಸ್ಸು, ಎಲ್ಲವೂ ಹೊರಗೆ. ಬಸ್ಸಿನ ಮಾತು ಬಂದದ್ದರಿಂದ ಹೇಳುತ್ತೇನೆ: 2023ರಲ್ಲಿ ಆರಂಭವಾದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ, ಆದರೆ ಖಾಸಗಿ ಬಸ್ಸುಗಳೇ ಹೆಚ್ಚಿರುವ ನಮ್ಮ ಎರಡು ಜಿಲ್ಲೆಗಳ ಎಷ್ಟೋ ಮಾರ್ಗಗಳಲ್ಲಿ ಆ ಉಚಿತಕ್ಕೆ ಹತ್ತುವ ಬಸ್ಸೇ ಇಲ್ಲ. ರಾಜಧಾನಿಯಲ್ಲಿ ರೂಪುಗೊಂಡ ಯೋಜನೆ ಕರಾವಳಿಗೆ ಬರುವಾಗ ಹೀಗೆ ಎಲ್ಲೋ ಒಂದು ಕಡೆ ಸೋರಿಹೋಗುತ್ತದೆ.

ಈ ಕಂದಕವನ್ನು ನಮ್ಮ ಊರಿನವರು ದಾನದಿಂದ ತುಂಬುತ್ತ ಬಂದಿದ್ದಾರೆ. ಸಮುದಾಯ ಸಂಘಗಳು, ದೇವಸ್ಥಾನ, ಚರ್ಚು, ಜಮಾಅತ್‌ಗಳು ಪ್ರತಿ ವರ್ಷ ವಿದ್ಯಾರ್ಥಿವೇತನ ಕೊಡುತ್ತವೆ. ಉಡುಪಿಯ ಯಕ್ಷಗಾನ ಕಲಾರಂಗದ ವಿದ್ಯಾಪೋಷಕ್ ಯೋಜನೆಯ ಕಾರ್ಯಕರ್ತರು ಅರ್ಜಿದಾರರ ಮನೆಗಳಿಗೇ ಹೋಗಿ ಪರಿಸ್ಥಿತಿ ನೋಡಿ ಬರುತ್ತಾರೆ. ಆದಾಯ ಪ್ರಮಾಣಪತ್ರದಲ್ಲಿ ಕಾಣದ್ದು ಅಂಗಳಕ್ಕೆ ಕಾಲಿಟ್ಟಾಗ ಕಾಣುತ್ತದೆ. ಇವರೆಲ್ಲರ ಬಗ್ಗೆ ನನಗೆ ಗೌರವವಿದೆ. ಹಾಗಿದ್ದೂ, ಹದಿನೆಂಟು ವರ್ಷದ ಹುಡುಗನನ್ನು ಸಭಾಭವನದ ವೇದಿಕೆಗೆ ಕರೆದು, ಅವನ ತಂದೆಯ ಕಾಯಿಲೆಯನ್ನೂ ಮನೆಯ ಸೋರುವ ಮಾಡನ್ನೂ ಮೈಕಿನಲ್ಲಿ ವಿವರಿಸಿ, ಚೆಕ್ಕು ಹಿಡಿಸಿ ಫೋಟೋ ತೆಗೆಯುವ ಕೆಲವು ಕಾರ್ಯಕ್ರಮಗಳನ್ನು ಕಂಡಾಗ, ಹಕ್ಕಾಗಿ ಸಿಗಬೇಕಾದದ್ದು ಋಣವಾಗಿ ಸಿಗುತ್ತಿದೆಯಲ್ಲ ಎಂದು ಬೇಸರವಾಗುತ್ತದೆ.

ಆಗಬೇಕಾದದ್ದು ಬಹಳ ದೊಡ್ಡದೇನಲ್ಲ. ಆದಾಯ ಪ್ರಮಾಣಪತ್ರದ ಗುರುತಿನ ಸಂಖ್ಯೆಯಾದ ಆರ್‌ಡಿ ಸಂಖ್ಯೆಯನ್ನು ಪರೀಕ್ಷಾ ಪ್ರಾಧಿಕಾರವು ಸಿಇಟಿ ಅರ್ಜಿಯ ಹಂತದಲ್ಲೇ ಪಡೆದುಕೊಳ್ಳುತ್ತದೆ. ಅಂದರೆ ಯಾರ ಮನೆಯ ಆದಾಯ ಎಷ್ಟು ಎಂಬುದು ಸೀಟು ಹಂಚಿಕೆಗೆ ತಿಂಗಳುಗಳ ಮೊದಲೇ ಸರ್ಕಾರದ ಬಳಿ ಇರುತ್ತದೆ. ಆ ಮಾಹಿತಿಯ ಆಧಾರದಲ್ಲಿ, ಎರಡೂವರೆ ಲಕ್ಷಕ್ಕಿಂತ ಕಡಿಮೆ ಆದಾಯದ ಕುಟುಂಬಗಳ ಮಕ್ಕಳಿಗೆ ಹಂಚಿಕೆಯ ದಿನ ಶುಲ್ಕ ಕೇಳದೆ, ವಿದ್ಯಾರ್ಥಿವೇತನದ ಹಣವನ್ನು ನೇರವಾಗಿ ಕಾಲೇಜಿಗೆ ಹೊಂದಾಣಿಕೆ ಮಾಡಬಹುದು. 8 ಲಕ್ಷದ ಒಂದೇ ಪಟ್ಟಿಯೊಳಗೆ, ತೀರ ಕಡಿಮೆ ಆದಾಯದವರಿಗೆ ಒಂದು ಪಾಲನ್ನು ಮೊದಲೇ ಎತ್ತಿಡಬಹುದು. ಪ್ರಮಾಣಪತ್ರಗಳ ಪ್ರಾಮಾಣಿಕತೆಯ ಪ್ರಶ್ನೆ ಇದ್ದೇ ಇದೆ: ಸಂಬಳದವರ ಆದಾಯ ಕಾಗದದಲ್ಲಿ ಅಚ್ಚಾಗಿರುತ್ತದೆ, ವ್ಯಾಪಾರದವರದು ಅವರು ಹೇಳಿದಷ್ಟು. ಗ್ರಾಮ ಆಡಳಿತಾಧಿಕಾರಿಯ ಸ್ಥಳ ಪರಿಶೀಲನೆ ಹೆಸರಿಗಷ್ಟೇ ಆಗದಿದ್ದರೆ ಅದನ್ನೂ ಸರಿಪಡಿಸಬಹುದು.

ಅಲ್ಲಿಯವರೆಗೆ, ದ್ವಿತೀಯ ಪಿಯುಸಿಯಲ್ಲಿರುವ ಮಕ್ಕಳ ತಂದೆತಾಯಿಯರಿಗೆ ಒಂದು ವಿನಂತಿ. ಆದಾಯ ಮತ್ತು ಜಾತಿ ಪ್ರಮಾಣಪತ್ರಗಳಿಗೆ ಫಲಿತಾಂಶದವರೆಗೆ ಕಾಯದೆ ಈಗಲೇ ನಾಡಕಚೇರಿಯಲ್ಲಿ ಅರ್ಜಿ ಹಾಕಿರಿ. ಪ್ರಮಾಣಪತ್ರದಲ್ಲಿರುವ ಮಗುವಿನ ಹೆಸರು ಅಂಕಪಟ್ಟಿಯ ಹೆಸರಿನ ಹಾಗೆಯೇ ಇದೆಯೇ ಎಂದು ಅಕ್ಷರ ಅಕ್ಷರವಾಗಿ ನೋಡಿಕೊಳ್ಳಿರಿ. ಗ್ರಾಮೀಣ ಅಥವಾ ಕನ್ನಡ ಮಾಧ್ಯಮದ ಮೀಸಲಾತಿ ಕೇಳುವವರು ಒಂದರಿಂದ ಹತ್ತನೆಯ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರವನ್ನು ಓದಿದ ಪ್ರತಿಯೊಂದು ಶಾಲೆಯಿಂದ ಪಡೆದುಕೊಳ್ಳಬೇಕಾಗುತ್ತದೆ. ಬೇಸಿಗೆ ರಜೆಯಲ್ಲಿ ಮುಖ್ಯೋಪಾಧ್ಯಾಯರು ಸಿಗುವುದು ಕಷ್ಟ. ಸಿಇಟಿ ಅರ್ಜಿಯಲ್ಲಿ ಈ ಅಂಕಣಗಳನ್ನು ಖಾಲಿ ಬಿಡಬೇಡಿರಿ.

ನಮಸ್ಕಾರ.