ಮೊದಲು ಪೆಟ್ಟಿಗೆ, ಆಮೇಲೆ ದುಡ್ಡು: ಹೊರನಾಡ ಎಸ್ಟೋನಿಯನ್ನರ ಅಧ್ಯಯನಕ್ಕೆ ಧನಸಹಾಯ

ಕೇಳುಗರಿಗೆ ನಮಸ್ಕಾರ.

ಇತಿಹಾಸದಲ್ಲೋ ಸಮಾಜಶಾಸ್ತ್ರದಲ್ಲೋ ಎಂ.ಎ. ಮುಗಿಸಿ, ವಲಸೆಯ ಬಗ್ಗೆ ಪಿಎಚ್.ಡಿ. ಮಾಡಬೇಕೆಂದು ಯೋಚಿಸುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತು ಆಡುತ್ತಿದ್ದೇನೆ. ಎಸ್ಟೋನಿಯಾ ಬಿಟ್ಟು ಹೊರಗೆ ನೆಲೆಸಿದ ಜನರನ್ನು ಅಧ್ಯಯನ ಮಾಡಲು ಹಣ ಸಿಗುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರಿಗೂ ಸಿಗುತ್ತದೆ. ಸಿಗುವುದಕ್ಕೆ ಏನು ಮಾಡಬೇಕೆಂಬುದನ್ನು ಒಂದೇ ಸಾಲಿನಲ್ಲಿ ಹೇಳಿಬಿಡುತ್ತೇನೆ: ಮೊದಲು ಪೆಟ್ಟಿಗೆ, ಆಮೇಲೆ ದುಡ್ಡು.

ಪೆಟ್ಟಿಗೆ ಅಂದರೆ ಪತ್ರಾಗಾರದ ಕಪಾಟಿನಲ್ಲಿರುವ ರಟ್ಟಿನ ಪೆಟ್ಟಿಗೆ. ನೀವು ಓದಬೇಕಾದ ಕಾಗದ ಯಾವ ಊರಿನ, ಯಾವ ಪತ್ರಾಗಾರದ, ಯಾವ ಸಂಗ್ರಹದಲ್ಲಿದೆ ಎಂಬುದು ಗೊತ್ತಾಗುವ ತನಕ ಅರ್ಜಿ ನಮೂನೆ ತೆರೆಯಲೇಬೇಡಿ.

ಎಸ್ಟೋನಿಯಾ ಬಾಲ್ಟಿಕ್ ಸಮುದ್ರದ ದಂಡೆಯ ದೇಶ, ಜನ ಸುಮಾರು 13 ಲಕ್ಷ. 1944ರಲ್ಲಿ ಸೋವಿಯತ್ ಸೇನೆ ಮರಳಿ ಬಂದಾಗ 70 ಸಾವಿರಕ್ಕೂ ಹೆಚ್ಚು ಮಂದಿ ದೋಣಿ ಹತ್ತಿ ಸ್ವೀಡನ್ನಿಗೋ ಹಡಗು ಹತ್ತಿ ಜರ್ಮನಿಗೋ ಹೋದರು. ಜರ್ಮನಿಯ ನಿರಾಶ್ರಿತರ ಶಿಬಿರಗಳಲ್ಲಿ ಕೆಲವು ವರ್ಷ ಕಳೆದು ಅಮೆರಿಕ, ಕೆನಡಾ, ಆಸ್ಟ್ರೇಲಿಯಾ ಸೇರಿದರು. ಅದಕ್ಕೂ ಹಿಂದೆ, 19ನೇ ಶತಮಾನದಲ್ಲೇ, ಜಮೀನು ಹುಡುಕಿಕೊಂಡು ಕ್ರೈಮಿಯಾ, ಅಬ್ಖಾಝಿಯಾ, ಸೈಬೀರಿಯಾಕ್ಕೆ ಹೋದ ರೈತರಿದ್ದಾರೆ. ಈಚೆಗೆ ಕೆಲಸಕ್ಕಾಗಿ ಫಿನ್ಲೆಂಡಿಗೆ ಹೋದವರಿದ್ದಾರೆ. ಮೂರು ಅಲೆ, ಮೂರು ಬೇರೆ ಬೇರೆ ಪೆಟ್ಟಿಗೆ. 'ಎಸ್ಟೋನಿಯನ್ ವಲಸೆ: ಒಂದು ಅಧ್ಯಯನ' ಎಂದು ಶೀರ್ಷಿಕೆ ಕೊಟ್ಟು ಮೂರನ್ನೂ ಒಂದೇ ಸಿನಾಪ್ಸಿಸ್‌ಗೆ ತುರುಕಿದರೆ ಆಯ್ಕೆ ಸಮಿತಿ ಮೊದಲ ಪುಟದಲ್ಲೇ ಬದಿಗಿಡುತ್ತದೆ. ಒಂದು ಅಲೆ, ಒಂದು ಊರು, ಹತ್ತು ಹದಿನೈದು ವರ್ಷದ ಅವಧಿ. ಅಷ್ಟು ಸಾಕು.

ದುಡ್ಡಿನ ದಾರಿಗಳು ಇವು. ದೊಡ್ಡದು ಎಸ್ಟೋನಿಯಾದಲ್ಲೇ ಪಿಎಚ್.ಡಿ. ಮಾಡುವುದು. 2022ರ ಸುಧಾರಣೆಯ ನಂತರ ಅಲ್ಲಿ ಪಿಎಚ್.ಡಿ. ವಿದ್ಯಾರ್ಥಿಯನ್ನು ಕಿರಿಯ ಸಂಶೋಧಕನ ಹುದ್ದೆಗೆ ನೇಮಿಸಿಕೊಳ್ಳುತ್ತಾರೆ. ನಾಲ್ಕು ವರ್ಷ, ವಿದ್ಯಾರ್ಥಿವೇತನವಲ್ಲ, ಸಂಬಳ. ಟಾರ್ಟು ವಿಶ್ವವಿದ್ಯಾಲಯ, ಟ್ಯಾಲಿನ್ ವಿಶ್ವವಿದ್ಯಾಲಯ ಎರಡರಲ್ಲೂ ಅರ್ಜಿಗೆ ಮೊದಲೇ ಗೈಡ್‌ಗೆ ಪತ್ರ ಬರೆದು ಒಪ್ಪಿಸಿರಬೇಕು. ಎರಡನೆಯದು ಎಸ್ಟೋಫಿಲಸ್ ವಿದ್ಯಾರ್ಥಿವೇತನ. ಎಸ್ಟೋನಿಯಾಕ್ಕೆ ಸಂಬಂಧಿಸಿದ ವಿಷಯ ಹಿಡಿದ ವಿದೇಶಿ ಸ್ನಾತಕೋತ್ತರ, ಪಿಎಚ್.ಡಿ. ವಿದ್ಯಾರ್ಥಿಗಳು ಕೆಲವು ತಿಂಗಳು ಅಲ್ಲಿದ್ದು ಕೆಲಸ ಮಾಡಲು ಕೊಡುವಂಥದ್ದು. ಮೂರನೆಯದು ಬಾಲ್ಟಿಕ್ ಅಧ್ಯಯನಗಳ ಸಂಘ. 1968ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು, ಪಿಎಚ್.ಡಿ. ಪ್ರಬಂಧದ ಖರ್ಚಿಗೆ ಸಣ್ಣ ಮೊತ್ತ ಕೊಡುತ್ತದೆ. ಅದರ ಸದಸ್ಯತ್ವದ ನಿಯಮವನ್ನು ಮೊದಲೇ ಓದಿಕೊಳ್ಳಿ. ಇನ್ನು ಅಮೆರಿಕ, ಕೆನಡಾದ ಸಮುದಾಯ ನಿಧಿಗಳಲ್ಲಿ ಕೆಲವು ಎಸ್ಟೋನಿಯನ್ ಮೂಲದವರಿಗಷ್ಟೇ ಮೀಸಲು. ಅರ್ಹತೆಯ ಸಾಲನ್ನು ಓದದೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುವವರನ್ನು ಕಂಡರೆ ಸಂಕಟವಾಗುತ್ತದೆ.

ಇಲ್ಲಿ ಟೊರಾಂಟೊದ ಕಥೆಯೊಂದನ್ನು ಹೇಳಲೇಬೇಕು, ಯಾಕೆಂದರೆ ಈ ದುಡ್ಡು ಎಂಥ ದುಡ್ಡು ಎನ್ನುವುದು ಅದರಿಂದ ತಿಳಿಯುತ್ತದೆ. 1960ರ ದಶಕ. ನಿರಾಶ್ರಿತರಾಗಿ ಬಂದವರ ವಿದ್ಯಾರ್ಥಿ ಸಂಘಗಳಿಗೆ ಒಂದು ನೆಲೆ ಬೇಕಿತ್ತು. ಚಂದಾ ಎತ್ತಿ ಚಿಕ್ಕ ಸಭಾಭವನ ಕಟ್ಟಿಕೊಳ್ಳಬಹುದಿತ್ತು. ಆದರೆ ಅವರಲ್ಲಿ ಎಲ್ಮಾರ್ ಟಂಪೋಲ್ಡ್ ಎಂಬ ವಾಸ್ತುಶಿಲ್ಪಿ ಇದ್ದರು. ಕೆನಡಾದಲ್ಲಿ ಆಗ ವಿದ್ಯಾರ್ಥಿ ನಿಲಯ ಕಟ್ಟುವವರಿಗೆ ಸರ್ಕಾರದ ವಸತಿ ನಿಗಮದಿಂದ ದೀರ್ಘಾವಧಿ ಸಾಲ ಸಿಗುತ್ತಿತ್ತು. ಟಂಪೋಲ್ಡ್ ಆ ದಾರಿ ಹಿಡಿದರು. ವಿಶ್ವವಿದ್ಯಾಲಯದ ಮಗ್ಗುಲಲ್ಲೇ, ಬ್ಲೂರ್ ಬೀದಿಯಲ್ಲಿ, 18 ಅಂತಸ್ತಿನ ಕಾಂಕ್ರೀಟ್ ಕಟ್ಟಡ ಎದ್ದಿತು. 1970ರಲ್ಲಿ ಸಿದ್ಧವಾದ ಅದಕ್ಕೆ ಟಾರ್ಟು ಕಾಲೇಜ್ ಎಂದು ಹೆಸರಿಟ್ಟರು. ಪಾಠ ನಡೆಯುವ ಕಾಲೇಜಲ್ಲ ಅದು, ಹಾಸ್ಟೆಲ್. ಕೋಣೆಗಳನ್ನು ಯಾವ ದೇಶದ ವಿದ್ಯಾರ್ಥಿಗಾದರೂ ಬಾಡಿಗೆಗೆ ಕೊಟ್ಟರು. ಗ್ರಂಥಾಲಯ, ಪತ್ರಾಗಾರ, ಸಭಾಂಗಣಗಳನ್ನು ತಮಗೆ ಉಳಿಸಿಕೊಂಡರು. ಅದೇ ಬೀದಿಯಲ್ಲಿ ಟಂಪೋಲ್ಡ್ ಅವರೇ ವಿನ್ಯಾಸ ಮಾಡಿದ್ದ ರೋಚ್‌ಡೇಲ್ ಕಾಲೇಜ್ ಎಂಬ ಇನ್ನೊಂದು ವಿದ್ಯಾರ್ಥಿ ವಸತಿ ಸಾಲ ತೀರಿಸಲಾಗದೆ 1975ರಲ್ಲಿ ಮುಚ್ಚಿತು. ಟಾರ್ಟು ಕಾಲೇಜ್ ನಿಂತಿತು. ಬಾಡಿಗೆಯ ಉಳಿತಾಯ ಬೆಳೆಯಿತು. 1980ರ ದಶಕದಲ್ಲಿ ಅದರ ಬಲದಿಂದಲೇ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಎಸ್ಟೋನಿಯನ್ ಅಧ್ಯಯನ ಪೀಠ ಹುಟ್ಟಿತು. ಆಗ ಎಸ್ಟೋನಿಯಾ ಇನ್ನೂ ಸೋವಿಯತ್ ಹಿಡಿತದಲ್ಲಿತ್ತು ಎಂಬುದನ್ನು ಮರೆಯಬೇಡಿ! ಆ ಪೀಠಕ್ಕೆ ಇಂದು ಟಂಪೋಲ್ಡ್ ಅವರದೇ ಹೆಸರು. ಅದೇ ಕಟ್ಟಡದಲ್ಲಿ ವೆಮು ಎಂಬ ಹೊರನಾಡ ಎಸ್ಟೋನಿಯನ್ನರ ವಸ್ತುಸಂಗ್ರಹಾಲಯವೂ ಪತ್ರಾಗಾರವೂ ಇವೆ.

ಸಮುದಾಯ ಹೀಗೆ ಕೂಡಿಟ್ಟ ದುಡ್ಡು ಇದು. ಆ ಪತ್ರಾಗಾರಗಳಲ್ಲಿರುವುದು ಅವರ ಅಪ್ಪ ಅಮ್ಮಂದಿರ ಪತ್ರ, ಸಂಘದ ನಡಾವಳಿ, ಶಿಬಿರದ ಗುರುತಿನ ಚೀಟಿ. ನಿಮ್ಮ ಅರ್ಜಿಯಲ್ಲಿ ಸಿದ್ಧಾಂತದ ಭಾರೀ ಪದಗಳು ಇಲ್ಲದಿದ್ದರೂ ನಡೆಯುತ್ತದೆ. 'ಈ ಸಂಗ್ರಹದ ಈ ಪೆಟ್ಟಿಗೆಯನ್ನು ಈ ಪ್ರಶ್ನೆಗಾಗಿ ಓದುತ್ತೇನೆ' ಎಂಬ ಸಾಲು ಇರಲೇಬೇಕು. ಮೊದಲು ಪೆಟ್ಟಿಗೆ, ಆಮೇಲೆ ದುಡ್ಡು.

ಸಮಯ ಓಡುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಪೆಟ್ಟಿಗೆ ಹುಡುಕುವುದು ಮನೆಯಲ್ಲಿ ಕೂತು ಆಗುವ ಕೆಲಸ. ಎಸ್ಟೋನಿಯಾದ ರಾಷ್ಟ್ರೀಯ ಪತ್ರಾಗಾರದ ಸೂಚಿ ಅಂತರ್ಜಾಲದಲ್ಲಿದೆ. ಅಲ್ಲಿ ಪ್ರತಿ ಕಡತಕ್ಕೂ ಮೂರು ಸಂಖ್ಯೆ: ಸಂಗ್ರಹದ್ದು, ಪಟ್ಟಿಯದ್ದು, ಕಡತದ್ದು. ಮೂರನ್ನೂ ಅರ್ಜಿಯಲ್ಲಿ ಬರೆಯಿರಿ. ಟಾರ್ಟುವಿನ ಸಾಹಿತ್ಯ ಮ್ಯೂಸಿಯಂ, ಮಿನಿಯಾಪೊಲಿಸ್‌ನಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ವಲಸೆ ಇತಿಹಾಸ ಪತ್ರಾಗಾರ, ಇವನ್ನೂ ಜಾಲಾಡಿ. ಆದರೆ ಹೊರನಾಡ ಪತ್ರಿಕೆಗಳನ್ನು ಓದಲು ವಿಮಾನದ ಖರ್ಚು ಕೇಳಬೇಡಿ, ಎಷ್ಟೋ ಸಂಚಿಕೆಗಳನ್ನು ಎಸ್ಟೋನಿಯಾದ ರಾಷ್ಟ್ರೀಯ ಗ್ರಂಥಾಲಯ ಡಿಗಾರ್ ಎಂಬ ತಾಣದಲ್ಲಿ ಹಾಕಿದೆ. ಜರ್ಮನಿಯ ಶಿಬಿರಗಳ ದಾಖಲೆಗಳೂ ಅಷ್ಟೆ, ಆರೋಲ್ಸನ್ ಪತ್ರಾಗಾರದ ತಾಣದಲ್ಲಿ ಬೇಕಾದಷ್ಟಿವೆ. ಮನೆಯಲ್ಲೇ ಸಿಗುವುದಕ್ಕೆ ಪ್ರಯಾಣ ಭತ್ಯೆ ಕೇಳಿದ ಅರ್ಜಿ ಅಲ್ಲಿಗೇ ಮುಗಿಯಿತು.

ಹೆಸರು ಹುಡುಕುವಾಗ ಎಚ್ಚರ. ಶಿಬಿರದ ಗುಮಾಸ್ತರು ಎಸ್ಟೋನಿಯನ್ ಅಕ್ಷರಗಳ ಮೇಲಿನ ಚುಕ್ಕಿ, ಅಲೆಗೆರೆಗಳನ್ನು ಬಿಟ್ಟು ಟೈಪ್ ಮಾಡಿದ್ದಾರೆ. ಚುಕ್ಕಿ ಹಾಕಿಯೂ ಹುಡುಕಿ, ಬಿಟ್ಟೂ ಹುಡುಕಿ.

ಭಾಷೆ ಕಲಿಯದೆ ಗತಿಯಿಲ್ಲ. ಹದಿನಾಲ್ಕು ವಿಭಕ್ತಿ ಎಂದು ಹೆದರಬೇಡಿ. ವಿಭಕ್ತಿ ಪ್ರತ್ಯಯ ಕನ್ನಡಿಗರಿಗೆ ಹೊಸದೇನಲ್ಲ. ಕೇಲೆಕ್ಲಿಕ್ ಎಂಬ ಉಚಿತ ಆನ್‌ಲೈನ್ ಕೋರ್ಸ್ ಇದೆ, ಇಂಗ್ಲಿಷ್ ಮೂಲಕ ಕಲಿಸುತ್ತದೆ. ಅದನ್ನು ಅರ್ಜಿಗೆ ಮೊದಲೇ ಮುಗಿಸಿ, ಮುಗಿಸಿದ್ದನ್ನು ಅರ್ಜಿಯಲ್ಲಿ ಹೇಳಿ.

ಬಜೆಟ್ಟನ್ನು ದಿನದ ಲೆಕ್ಕದಲ್ಲಿ ಹಾಕಿ. ಅಪರಿಚಿತ ಭಾಷೆಯಲ್ಲಿ ದಿನಕ್ಕೆ ಐದಾರು ಕಡತಕ್ಕಿಂತ ಹೆಚ್ಚು ಓದಲಾಗದು. ನೂರೈವತ್ತು ಕಡತವಿದ್ದರೆ ಮೂವತ್ತು ಕೆಲಸದ ದಿನ, ಅಂದರೆ ಆರು ವಾರ. ಆರು ವಾರದ ಕೋಣೆ, ಊಟ, ಪ್ರತಿ ತೆಗೆಸುವ ಖರ್ಚು, ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ವೀಸಾ) ಶುಲ್ಕ, ಕನಿಷ್ಠ 30,000 ಯೂರೋ ರಕ್ಷಣೆಯ ಪ್ರಯಾಣ ವಿಮೆ. ಆ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು, ಹೆಚ್ಚು ಬೇಕಾದರೆ ದೀರ್ಘಾವಧಿ ವೀಸಾ. ಪದವಿ ಪ್ರಮಾಣಪತ್ರಕ್ಕೆ ಅಪೋಸ್ಟಿಲ್ ಮುದ್ರೆ, ಅಂದರೆ ದಾಖಲೆ ಅಸಲಿ ಎಂದು ಹೊರದೇಶಕ್ಕಾಗಿ ಸರ್ಕಾರ ಒತ್ತುವ ಮುದ್ರೆ, ಕೇಳುವ ಕಡೆ ಅದನ್ನು ಮೊದಲೇ ಹಾಕಿಸಿಟ್ಟುಕೊಳ್ಳಿ, ಕೊನೆಯ ವಾರದಲ್ಲಿ ಆಗುವ ಕೆಲಸವಲ್ಲ.

ಕೊನೆಯದಾಗಿ, ಪತ್ರಾಗಾರಕ್ಕೆ ಬರೆದು 'ಈ ಸಂಗ್ರಹ ಓದಲು ಲಭ್ಯವಿದೆ' ಎಂಬ ಉತ್ತರ ತರಿಸಿಕೊಂಡು ಅರ್ಜಿಗೆ ಲಗತ್ತಿಸಿ. ಜೂನ್ 23, 24 ಎಸ್ಟೋನಿಯಾದಲ್ಲಿ ರಜೆ, ಜುಲೈ ಪೂರ್ತಿ ಬೇಸಿಗೆ ರಜೆಯ ಕಾಲ, ಉತ್ತರ ಬರುವುದು ಕಷ್ಟ. ನಿಮ್ಮ ಪತ್ರ ಮೇ ತಿಂಗಳೊಳಗೆ ಹೋಗಿರಲಿ.

ನಮಸ್ಕಾರ.